ಸೋಲನ್ನು ಮುಂದೂಡುವ ಆಟ

ಚದುರಂಗದಲ್ಲಿ ಅರಸನನ್ನು ಸೆರೆಹಿಡಿದರೆ ಗೆಲುವು. ಪಗಡೆಯಲ್ಲಿ ಕಾಯಿಗಳೆಲ್ಲ ಹಣ್ಣಾದರೆ ಗೆಲುವು. ಗೆಲುವೆಂಬುದೇ ಇಲ್ಲದ ಆಟವೊಂದುಂಟೆಂದು ನಮ್ಮ ತಂಗಿಯ ಮಗನು ಬೇಸಗೆಯ ರಜದಲ್ಲಿ ಹೇಳಿದಾಗ ನಾವು ನಂಬಲಿಲ್ಲ. ಅದರ ಹೆಸರು ಟೆಟ್ರಿಸ್. 1984ರಲ್ಲಿ ಮಾಸ್ಕೋ ನಗರದ ವಿಜ್ಞಾನ ಅಕಾಡೆಮಿಯ ಗಣನಕೇಂದ್ರದಲ್ಲಿದ್ದ ಅಲೆಕ್ಸಿ ಪಾಜಿಟ್ನೋವ್ ಎಂಬವರು ಅದನ್ನು ಕಲ್ಪಿಸಿದರು. ಹತ್ತು ಮನೆ ಅಗಲ, ಇಪ್ಪತ್ತು ಮನೆ ಎತ್ತರದ ಬಾವಿಯಂಥ ಪಟ. ನಾಲ್ಕು ನಾಲ್ಕು ಚೌಕಗಳ ತುಂಡುಗಳು ಮೇಲಿನಿಂದ ಒಂದೊಂದಾಗಿ ಇಳಿಯುತ್ತವೆ. ಅವುಗಳನ್ನು ತಿರುಗಿಸಿ, ಸರಿಸಿ, ಅಡ್ಡಸಾಲೊಂದನ್ನು ಸಂದಿಲ್ಲದಂತೆ ತುಂಬಿದರೆ ಆ ಸಾಲು ಮಾಯವಾಗುವುದು. ತುಂಬದಿದ್ದರೆ ರಾಶಿಯು ಬೆಳೆದು ಬಾವಿಯ ಕಂಠಕ್ಕೆ ಬರುವುದು. ಹಂತಗಳೇರಿದಂತೆ ವೇಗವೂ ಏರುವುದು. ಎಂಥ ಜಾಣನೂ ಕೊನೆಗೆ ಸೋಲಬೇಕು. ಎಷ್ಟು ಹೊತ್ತು ಸೋಲದೆ ನಿಂತನೆಂಬುದೇ ಅವನ ಹಿರಿಮೆ. ಬೆಳಗ್ಗೆ ತೊಳೆದಿಟ್ಟ ಪಾತ್ರೆಗಳು ಸಂಜೆಗೆ ಮತ್ತೆ ಮುಸುರೆಯಾಗಿ ರಾಶಿಬೀಳುವುದನ್ನು ದಿನವೂ ಕಾಣುವ ಗೃಹಿಣಿಯರಿಗೆ ಈ ಆಟದ ತತ್ತ್ವವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ನಿಂಟೆಂಡೊ ಸಂಸ್ಥೆಯು 1989ರಲ್ಲಿ ಹೊರತಂದ ಹಳೆಯ ಟೆಟ್ರಿಸನ್ನೇ ಹಿಡಿದು ಅಮೆರಿಕೆಯಲ್ಲಿ 2010ರಿಂದ ಜಾಗತಿಕ ಪಂದ್ಯಗಳು ನಡೆಯುತ್ತಿವೆ. ಇಬ್ಬರು ಪಕ್ಕಪಕ್ಕದಲ್ಲಿ ಕುಳಿತು ಆಡುವರು. ಹೆಚ್ಚು ಅಂಕ ಗಳಿಸಿದವನು ಗೆದ್ದಂತೆ. ಜೋನಾಸ್ ನ್ಯೂಬಾವರ್ ಎಂಬವರು ಏಳು ಬಾರಿ ಪ್ರಶಸ್ತಿ ಪಡೆದಿದ್ದರು. ಆ ಆಟದ 29ನೆಯ ಹಂತದಲ್ಲಿ ತುಂಡು ಮೇಲಿನಿಂದ ಬುಡಕ್ಕೆ ಬೀಳಲು ಸೆಕೆಂಡಿನ ಮೂರನೆಯ ಒಂದು ಪಾಲು ಸಾಕು. ಬಹುಮಂದಿ ಅದನ್ನೇ ಆಟದ ತುದಿಯೆಂದು ಎಣಿಸಿದ್ದರು.

2018ರಲ್ಲಿ ಪೋರ್ಟ್‌ಲೆಂಡ್ ನಗರದ ಪಂದ್ಯಕ್ಕೆ ಕ್ಯಾಲಿಫೋರ್ನಿಯಾದ ಹದಿನಾರು ವರ್ಷದ ಜೋಸೆಫ್ ಸೇಲೀ ಬಂದನು. ಆಟವು ಹುಟ್ಟಿ ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ಬಾಲಕನವನು. ಹಿಂದಿನ ಪಂದ್ಯದ ವೀಡಿಯೊ ನೋಡಿ ಈ ಆಟಕ್ಕೆ ಒಲಿದವನು. ಆ ವೀಡಿಯೊದಲ್ಲಿ ಆಡಿ ಗೆದ್ದಿದ್ದವರು ನ್ಯೂಬಾವರ್ ಅವರೇ. ಗುಂಡಿಯನ್ನು ಒತ್ತಿಹಿಡಿಯದೆ, ಹೆಬ್ಬೆರಳನ್ನು ನಡುಗಿಸಿ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ತಟ್ಟುವ ಕಠಿನ ವಿದ್ಯೆಯನ್ನು ಅವನು ಸಾಧಿಸಿದ್ದನು. ಅಂತಿಮ ಪಂದ್ಯದಲ್ಲಿ ಮೂರಕ್ಕೆ ಮೂರು ಆಟಗಳನ್ನೂ ಗೆದ್ದನು. ಮೂವತ್ತೇಳರ ಪ್ರಾಯದ ನ್ಯೂಬಾವರ್ ಅವರು ಸೋತ ಬಳಿಕ ಆ ಹುಡುಗನ ಕೌಶಲವನ್ನು ಮನಸಾರೆ ಹೊಗಳಿದರು. ಶಿಷ್ಯನಿಂದ ಸೋಲನ್ನು ಬಯಸಬೇಕೆಂದು ನಮ್ಮಲ್ಲಿ ಹಿರಿಯರು ಹೇಳುವುದುಂಟು. ಬಯಸಿದವರನ್ನು ಮಾತ್ರ ನಾವು ಕಂಡಿದ್ದು ಬಹಳ ಕಡಮೆ. 2021ರ ಜನವರಿಯಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರು ಹಠಾತ್ತಾಗಿ ತೀರಿಕೊಂಡರು.

ಅಷ್ಟರಲ್ಲಿ ಹೊಸ ಕೈವಾಡವೊಂದು ಹುಟ್ಟಿತ್ತು: ಕಂಟ್ರೋಲರಿನ ಬೆನ್ನನ್ನು ಬೆರಳುಗಳಿಂದ ಒಂದರ ಹಿಂದೊಂದು ತಟ್ಟುವುದು. ಓಕ್ಲಹೋಮಾದ ವಿಲ್ಲಿಸ್ ಗಿಬ್ಸನ್ ಎಂಬ ಹದಿಮೂರು ವರ್ಷದ ಹುಡುಗನು ಹೀಗೆ ತಟ್ಟುತ್ತ, 2023ರ ಡಿಸೆಂಬರ್ 21ರಂದು, ಸುಮಾರು 38 ನಿಮಿಷಗಳ ಆಟದ ಕೊನೆಗೆ 157ನೆಯ ಹಂತವನ್ನು ಮುಟ್ಟಿದನು. ಅಲ್ಲಿ ಹಳೆಯ ಆಟದ ಲೆಕ್ಕಾಚಾರವೇ ತೊಡರಿ ಪರದೆಯು ಕದಲದೆ ನಿಂತಿತು. ಅದುವರೆಗೆ ಕಂಪ್ಯೂಟರಿಗಷ್ಟೇ ಸಾಧ್ಯವಾಗಿದ್ದ ಕಾರ್ಯವಿದು. ಗೆಲುವಿಲ್ಲದ ಆಟದಲ್ಲಿ ಸೋತದ್ದು ಆಟವೇ.

ಬ್ರಿಟನ್ನಿನಲ್ಲಿ ಟೆಲಿವಿಷನ್ನಿನ ವಾರ್ತೆ ಓದುತ್ತಿದ್ದ ಮಹಿಳೆಯೊಬ್ಬರು, ಒಬ್ಬ ತಾಯಿಯಾಗಿ ಹೇಳುವುದಾದರೆ ಹುಡುಗನು ಪರದೆ ಬಿಟ್ಟು ಹೊರಗಿನ ಗಾಳಿ ಸೇವಿಸಲಿ, ಟೆಟ್ರಿಸ್ ಗೆಲ್ಲುವುದು ಬಾಳಿನ ಗುರಿಯಲ್ಲ, ಎಂಬರ್ಥದ ಮಾತನ್ನಾಡಿದರು. ಆ ಮಾತನ್ನು ನಾವು ಪೂರ್ತಿ ತಳ್ಳಿಹಾಕಲಾರೆವು. ನಮ್ಮ ಮನೆಯ ಮಕ್ಕಳಿಗೂ, ಕಣ್ಣು ಕೆಟ್ಟೀತೆಂದು, ಅದನ್ನೇ ಹೇಳುತ್ತೇವೆ. ಆದರೆ ಆ ಹುಡುಗನ ತಂದೆ ಅದೇ ಡಿಸೆಂಬರಿನಲ್ಲಿ ತೀರಿಕೊಂಡಿದ್ದರು. ಮನೆಯಲ್ಲಿ ಸಾವು ಕಂಡ ಮಗುವು ಕೈಗೆ ಸಿಕ್ಕ ಕೆಲಸವನ್ನು ಬಿಗಿಯಾಗಿ ಹಿಡಿದುಕೊಳ್ಳುವುದನ್ನು ನಾವು ಬಲ್ಲೆವು; ಕೆಲವು ಮಕ್ಕಳಿಗೆ ಅದು ಪಾಠವಾಗುತ್ತದೆ, ಕೆಲವರಿಗೆ ಅಡುಗೆಮನೆಯ ಕೆಲಸವಾಗುತ್ತದೆ. ಆಗ ಅದನ್ನು ಬಿಡಿಸಲು ನಮಗೆ ಮನಸ್ಸು ಬಾರದು. ತಾನು ಸಾಧಿಸಿದುದನ್ನು ಆ ಹುಡುಗನು ತಂದೆಯ ನೆನಪಿಗೆ ಅರ್ಪಿಸಿದನು.