ಅಮೆರಿಕಾದ ತೆಂಕಣ ಪಟ್ಟಣಗಳಲ್ಲಿ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ತೆಂಕಣ ಭಾಗದಲ್ಲಿ ಜಾರ್ಜಿಯಾ ಎಂಬ ಸಂಸ್ಥಾನವುಂಟು. ಅದರ ರಾಜಧಾನಿಯಾದ ಅಟ್ಲಾಂಟಾ ನಗರದ ಹೊರವಲಯದಲ್ಲಿ ನಮ್ಮ ಹಿರಿಯ ಮಗನು ಕೆಲವು ವರ್ಷಗಳಿಂದ ಉದ್ಯೋಗದಲ್ಲಿರುವನು. ಅವನ ಒತ್ತಾಯದ ಮೇಲೆ ನಾವೂ ನಮ್ಮ ಗೃಹಿಣಿಯೂ ಕಳೆದ ವರ್ಷ ಅಲ್ಲಿಗೆ ಹೋಗಿ ಐದು ತಿಂಗಳು ಇದ್ದು ಬಂದೆವು. ಮುಗಿಲನ್ನು ಮುಟ್ಟುವ ಸೌಧಗಳ ವರ್ಣನೆಯನ್ನು ವಾಚಕರು ಬೇಕಾದಷ್ಟು ಓದಿರುವರಾದಕಾರಣ ಅದನ್ನು ಮತ್ತೆ ಮಾಡುವ ಇಚ್ಛೆ ನಮಗಿಲ್ಲ. ನಾವು ಹೇಳಹೊರಟಿರುವುದು ಒಂದು ಮನೆಯ ವಿಚಾರ.

ನಾವು ಹೋದಾಗ ಮಗನು ಬಾಡಿಗೆಯ ಮನೆಯನ್ನು ಬಿಟ್ಟು ಸ್ವಂತ ಮನೆಯನ್ನು ಕೊಳ್ಳುವ ಪ್ರಯತ್ನದಲ್ಲಿದ್ದನು. ಎರಡು ಮನೆಗಳು ಅವನ ಮನಸ್ಸಿಗೆ ಬಂದಿದ್ದುವು. ಒಂದು, ಅವನು ಆಗ ವಾಸವಾಗಿದ್ದ ಉತ್ತರದ ಉಪನಗರದಲ್ಲಿಯೇ ಇದ್ದ ವಿಶಾಲವಾದ ಹೊಸ ಮನೆ: ಐದು ಮಲಗುವ ಕೋಣೆಗಳು, ಹಿಂದೆ ಹುಲ್ಲಿನ ಅಂಗಳ, ದೇವರಿಗೇ ಒಂದು ಪ್ರತ್ಯೇಕವಾದ ಕೋಣೆ. ಇನ್ನೊಂದು, ಅಟ್ಲಾಂಟಾಕ್ಕೆ ಮೂಡಲಲ್ಲಿ ಅಂಟಿಕೊಂಡಿರುವ ಡಿಕೇಟರ್ ಎಂಬ ಹಳೆಯ ಊರಿನಲ್ಲಿ ಒಂದು ಚಿಕ್ಕ ಮನೆ. ನೆಲ ಕಿರುಗುಟ್ಟುತ್ತಿತ್ತು; ಸಾಮಾನುಗಳಿಗೆ ಎಡೆಯಿರಲಿಲ್ಲ. ಬೆಲೆ ಮಾತ್ರ ಎರಡಕ್ಕೂ ಹೆಚ್ಚುಕಡಿಮೆ ಒಂದೇ. “ಅಪ್ಪ, ಇನ್ನು ಮೇಲೆ ವರ್ಷಕ್ಕೆ ಆರು ತಿಂಗಳು ನೀವೂ ಅಮ್ಮನೂ ನಮ್ಮ ಜೊತೆಯಲ್ಲಿರಬೇಕು. ಯಾವುದಾದೀತೆಂದು ನೀವೇ ನೋಡಿ ಹೇಳಿ” ಎಂದನು. ಮೂವತ್ತೈದು ವರ್ಷ ಹುಡುಗರಿಗೆ ಪಾಠ ಹೇಳಿದವರಿಗೆ ಅಭಿಪ್ರಾಯ ಹೇಳುವುದು ಕಷ್ಟವೇ? ಆದರೂ ನಾವು ಕೂಡಲೇ ಏನನ್ನೂ ಹೇಳಲಿಲ್ಲ.

ಮನೆಯ ಒಳಗಿನ ಸುಖವನ್ನು ಮೊದಲು ಒಪ್ಪಿಕೊಳ್ಳಬೇಕು. ಆ ಸೀಮೆಯ ಬೇಸಗೆ ನಮ್ಮ ಕರಾವಳಿಯ ಬೇಸಗೆಯಂತೆಯೇ ಬೆವರಿನದು. ಆದರೆ ಬಾಗಿಲನ್ನು ದಾಟಿ ಒಳಕ್ಕೆ ಬಂದರೆ ಮಾರ್ಗಶಿರ ಮಾಸ. ಕೊಳಾಯಿಯ ನೀರನ್ನು ಹಾಗೆಯೇ ಕುಡಿಯಬಹುದು. ವಿದ್ಯುತ್ತು ನಾವಿದ್ದಷ್ಟು ದಿನವೂ ಒಂದು ಸಲವೂ ತಪ್ಪಲಿಲ್ಲ. ನಮ್ಮ ಗೃಹಿಣಿಯು ಒಂದು ವಾರದವರೆಗೆ ಅಡಿಗೆಮನೆಯ ಒಲೆಯನ್ನೂ ಪಾತ್ರೆ ತೊಳೆಯುವ ಯಂತ್ರವನ್ನೂ ಹೊಗಳಿದ್ದೇ ಹೊಗಳಿದ್ದು. ಎಂಟನೆಯ ದಿನ ಅವಳು, “ಇಲ್ಲಿ ಕೊತ್ತಂಬರಿ ಸೊಪ್ಪು ತರಬೇಕಾದರೂ ಮಗ ಕಚೇರಿಯಿಂದ ಬರಬೇಕೇ?” ಎಂದು ಕೇಳಿದಳು.

ಬರಬೇಕಾಗಿತ್ತು. ಬೆಳಗಿನ ನಡಿಗೆ ನಮ್ಮ ಹಳೆಯ ಅಭ್ಯಾಸ. ಮೂರನೆಯ ದಿನವೇ ಹೊರಟೆವು. ಮನೆಗಳ ಮುಂದೆ ಒಳ್ಳೆಯ ಕಾಲುದಾರಿಯಿತ್ತು. ಅದು ಬಡಾವಣೆಯ ಹೆಬ್ಬಾಗಿಲವರೆಗೆ ಹೋಗಿ ಒಂದು ಪೊದೆಯ ಮುಂದೆ ನಿಂತುಬಿಟ್ಟಿತು. ಆಚೆಗೆ ಆರು ಸಾಲಿನ ರಸ್ತೆ. ಮೋಟಾರುಗಳು ಬಾಣದಂತೆ ಹೋಗುತ್ತಿದ್ದುವು. ಹುಲ್ಲಿನ ಮೇಲೆ ಸ್ವಲ್ಪ ದೂರ ನಡೆದಿರಬೇಕು, ಒಬ್ಬ ಹೆಂಗಸು ಗಾಡಿಯನ್ನು ನಿಲ್ಲಿಸಿ, ನಿಮ್ಮ ಮೋಟಾರು ಕೆಟ್ಟಿತೇ, ಎಲ್ಲಿಗಾದರೂ ಬಿಡಲೇ ಎಂದು ಬಹಳ ಮರುಕದಿಂದ ಕೇಳಿದಳು. ಸುಮ್ಮನೆ ನಡೆಯುತ್ತಿದ್ದೇವೆಂದು ಅವಳಿಗೆ ನಂಬಿಕೆ ಬರಿಸುವುದಕ್ಕೆ ಸಾಕಾಯಿತು. ಸಂಸ್ಕೃತದಲ್ಲಿ ದಾರಿಗೆ ಹಲವು ಹೆಸರುಗಳುಂಟು. ರಥ ಹೋಗುವುದು ರಥ್ಯೆ. ಕಾಲಿಗೆ ಸಂಬಂಧಿಸಿದ್ದು ಪದವಿ. ಆ ಊರಿನಲ್ಲಿ ಎಲ್ಲವೂ ರಥ್ಯೆಯೇ. ನಮ್ಮ ಮಗನಿಗೆ ವಿಶ್ವವಿದ್ಯಾನಿಲಯದ ಎರಡು ಪದವಿಗಳಿವೆ. ಅವನ ಮನೆಯ ಮುಂದೆ ಒಂದು ಪದವಿಯೂ ಇಲ್ಲ ಎಂದು ನಾವು ಹಾಸ್ಯಮಾಡಿದೆವು. ಅವನು ನಗಲಿಲ್ಲ. ಮೈಸೂರಿನಲ್ಲಿ ನಮ್ಮ ಮನೆಯ ಮುಂದಿನ ಕಾಲುದಾರಿಯ ಮೇಲೆ ಮೂರು ಸ್ಕೂಟರುಗಳೂ ಒಂದು ಎಳನೀರಿನ ಗಾಡಿಯೂ ನಿಂತಿರುವುದನ್ನು ಅವನು ಬಲ್ಲನು.

ಬಸ್ಸು ಇಲ್ಲವೆಂದಲ್ಲ. ದೊಡ್ಡ ರಸ್ತೆಯ ಬದಿಯಲ್ಲಿ ಹುಲ್ಲಿನ ನಡುವೆ ಒಂದು ಕಂಬ, ನೆರಳಿಲ್ಲ, ಕೂರಲು ಹಲಗೆಯಿಲ್ಲ, ಅದೇ ತಂಗುದಾಣ. ಗಂಟೆಗೆ ಒಂದು ಬಸ್ಸು. ಒಂದು ದಿನ ಅಲ್ಲಿ ಕಾಯುತ್ತಿದ್ದಾಗ ನೀಗ್ರೋ ಎಂದು ಹಿಂದೆ ಕರೆಯುತ್ತಿದ್ದ, ಈಗ ಕರಿಯ ಅಮೆರಿಕನರೆಂದು ಕರೆಯುವ ಜನಾಂಗದ ಒಬ್ಬ ವೃದ್ಧೆಯ ಪರಿಚಯವಾಯಿತು. ಆ ಬಡಾವಣೆಯ ಮನೆಗಳನ್ನು ಗುಡಿಸಿ ಒರೆಸುವುದು ಅವಳ ಕೆಲಸ. ನಗರದ ದಕ್ಷಿಣದಿಂದ ಬರಲು ಎರಡು ಗಂಟೆ, ಹೋಗಲು ಎರಡು ಗಂಟೆ. ಬಸ್ಸು ಬಂದಾಗ ಚಾಲಕನು ನಮ್ಮ ಗೃಹಿಣಿಯ ಮಂಡಿನೋವನ್ನು ಕಂಡು ಒಂದು ಗುಂಡಿಯನ್ನೊತ್ತಿದನು. ಬಸ್ಸು ಒಂಟೆಯಂತೆ ಮುಂಭಾಗವನ್ನು ತಗ್ಗಿಸಿ ನಿಂತಿತು. ಅಂಗವಿಕಲರ ಸೌಕರ್ಯಕ್ಕಾಗಿ ೧೯೯೦ರಲ್ಲಿ ಆ ದೇಶದಲ್ಲಿ ಒಂದು ಕಾನೂನನ್ನು ಮಾಡಿರುವರು. ಸಾರ್ವಜನಿಕ ವಾಹನಗಳಲ್ಲಿಯೂ ಕಟ್ಟಡಗಳಲ್ಲಿಯೂ ಗಾಲಿಕುರ್ಚಿಯವರು ಯಾರ ಹಂಗೂ ಇಲ್ಲದೆ ಓಡಾಡುವುದನ್ನು ನಾವು ಎಲ್ಲೆಲ್ಲಿಯೂ ಕಂಡೆವು. ಇಷ್ಟು ದಯೆಯಿರುವ ಜನ ಒಂದು ನೆರಳನ್ನೇಕೆ ಕಟ್ಟಲಿಲ್ಲ?

ಇದಕ್ಕೆ ಉತ್ತರವನ್ನು ನಾವು ಅಲ್ಲಿಯ ಪುಸ್ತಕಭಂಡಾರದಲ್ಲಿ ಕುಳಿತು ಹುಡುಕಿದೆವು. ಅಟ್ಲಾಂಟಾ ಹುಟ್ಟಿದ್ದೇ ಉಗಿಬಂಡಿಯ ದಾರಿಯ ಕೊನೆಯ ನಿಲ್ದಾಣವಾಗಿ. ಮೊದಲಿನ ಹೆಸರು ಟರ್ಮಿನಸ್ ಎಂದೇ ಇತ್ತು. ಅದರ ಬೀದಿಗಳಲ್ಲಿ ೧೯೪೯ರವರೆಗೆ ಟ್ರಾಮುಗಳು ಓಡುತ್ತಿದ್ದುವು. ಅನಂತರ ಮೋಟಾರಿನ ಕಾಲ. ೧೯೬೫ರಲ್ಲಿ ನಗರಕ್ಕೂ ಸುತ್ತಣ ಕೌಂಟಿಗಳಿಗೂ ಸೇರಿ ರೈಲು ಬಸ್ಸುಗಳನ್ನು ನಡೆಸಲು ಮಾರ್ಟಾ ಎಂಬ ಸಂಸ್ಥೆಯನ್ನು ಏರ್ಪಡಿಸಿದರು. ಕೌಂಟಿಯೆಂದರೆ ನಮ್ಮ ತಾಲ್ಲೂಕಿನಂಥದು. ಕಾಬ್ ಕೌಂಟಿಯವರು ಮೊದಲೇ ಬೇಡವೆಂದರು. ೧೯೭೧ರಲ್ಲಿ ಡಾಲರಿಗೆ ಒಂದು ಸೆಂಟಿನಂತೆ ಮಾರಾಟದ ಮೇಲೆ ತೆರಿಗೆ ಕೊಡುವಿರಾ ಎಂದು ಕೇಳಿದಾಗ ಫುಲ್ಟನ್, ಡಿಕಾಬ್ ಎಂಬ ಎರಡು ಕೌಂಟಿಗಳು ಒಪ್ಪಿದುವು. ಕ್ಲೇಟನ್, ಗ್ವಿನೆಟ್‌ಗಳು ನಿರಾಕರಿಸಿದುವು. ೧೯೭೯ರಲ್ಲಿ ರೈಲು ಓಡತೊಡಗಿತು. ಬಹುಮಟ್ಟಿಗೆ ಒಪ್ಪಿದವರ ಗಡಿಯೊಳಗೇ ಉಳಿಯಿತು. ತೆರಿಗೆಯ ಭಯವೊಂದೇ ಕಾರಣವಾಗಿರಲಿಲ್ಲ. ಕರಿಯರೊಂದಿಗೆ ಶಾಲೆಯನ್ನೂ ಬೀದಿಯನ್ನೂ ಹಂಚಿಕೊಳ್ಳಲಾರದೆ ಆ ಕಾಲದಲ್ಲಿ ಬಿಳಿಯರು ಸಹಸ್ರಸಂಖ್ಯೆಯಲ್ಲಿ ಉಪನಗರಗಳಿಗೆ ಹೋಗಿದ್ದರು. ರೈಲು ಬಂದರೆ ಅದರೊಡನೆ ಅವರೂ ಬರುವರೆಂಬ ಅಂಜಿಕೆ ಅವರಿಗೆ ಇತ್ತೆಂದು ಅಲ್ಲಿಯ ಇತಿಹಾಸಕಾರರೇ ಬರೆದಿರುವರು. ಗ್ವಿನೆಟ್ಟಿನಲ್ಲಿ ಈಗ ಎಲ್ಲ ವರ್ಣದವರೂ, ನಮ್ಮ ದೇಶದವರೂ ಬೇಕಾದಷ್ಟು ಮಂದಿ ಇದ್ದಾರೆ. ಆದರೂ ೨೦೧೯, ೨೦೨೦, ೨೦೨೪ ಈ ಮೂರು ವರ್ಷಗಳಲ್ಲಿಯೂ ಜನಮತವು ಮತ್ತೆ ಬೇಡವೆಂದೇ ಹೇಳಿತು. ೨೦೧೪ರ ಜನವರಿಯಲ್ಲಿ ಸುಮಾರು ೨ ಅಂಗುಲ ಹಿಮ ಬಿದ್ದುದಕ್ಕೆ ಆ ಸೀಮೆಯ ಹೆದ್ದಾರಿಗಳೆಲ್ಲ ಕಟ್ಟಿಹೋಗಿ ಜನರು ಇರುಳೆಲ್ಲ ಮೋಟಾರುಗಳಲ್ಲಿ ಕಳೆದರು. ಮಕ್ಕಳು ಶಾಲೆಗಳಲ್ಲಿಯೇ ಮಲಗಿದರು.

ಕ್ಲೇಟನ್ ಕೌಂಟಿಯ ಕಥೆ ನಮಗೆ ಹೆಚ್ಚು ತಟ್ಟಿತು. ಅಟ್ಲಾಂಟಾದ ಹಿಂದೂ ದೇವಾಲಯವಿರುವ ರಿವರ್‌ಡೇಲ್ ಆ ಕೌಂಟಿಯಲ್ಲಿಯೇ ಇದೆ. ಅಲ್ಲಿ ವೇಂಕಟೇಶ್ವರನನ್ನು ದರ್ಶನಮಾಡಿ ಬಿಸಿಬೇಳೆ ಅನ್ನ ತಿಂದಾಗ ಹನ್ನೆರಡು ಸಾವಿರ ಮೈಲಿಗಳ ಆಯಾಸ ಮರೆಯಿತೆಂದು ಬರೆದರೆ ಅದು ಉತ್ಪ್ರೇಕ್ಷೆ, ಅಷ್ಟು ದೂರವಿಲ್ಲ; ಆದರೂ ಕಣ್ಣು ತೇವವಾದದ್ದು ನಿಜ. ಹಣವಿಲ್ಲವೆಂದು ೨೦೧೦ರಲ್ಲಿ ಆ ಕೌಂಟಿ ತನ್ನ ಬಸ್ಸುಗಳನ್ನೇ ನಿಲ್ಲಿಸಿಬಿಟ್ಟಿತ್ತು. ಗಾಡಿಯಿಲ್ಲದವರು ಐದು ವರ್ಷ ನಡೆದರು, ಇಲ್ಲವೆ ಕೆಲಸ ಬಿಟ್ಟರು. ೨೦೧೪ರಲ್ಲಿ ಜನರೇ ಬಹುಮತದಿಂದ ತೆರಿಗೆಯನ್ನು ತಲೆಯ ಮೇಲೆ ಹೊತ್ತುಕೊಂಡು ಮಾರ್ಟಾವನ್ನು ಸೇರಿದರು. ೨೦೧೫ರಲ್ಲಿ ಬಸ್ಸು ಮತ್ತೆ ಬಂದಿತು. ಅವರು ಸಿರಿವಂತರಲ್ಲವೆಂಬುದನ್ನು ಇಲ್ಲಿ ನೆನೆಯಬೇಕು.

ಜೂನ್ ತಿಂಗಳಲ್ಲಿ ನಾವಿಬ್ಬರೂ ರೈಲಿನಲ್ಲಿ ನ್ಯೂ ಆರ್ಲಿಯನ್ಸ್‌ಗೆ ಹೊರಟೆವು. ಅರುವತ್ತು ಲಕ್ಷಕ್ಕೂ ಮೀರಿದ ಜನರಿರುವ ಮಹಾನಗರಕ್ಕೆ ಹೊರಊರಿನ ರೈಲೆಂಬುದು ದಿನಕ್ಕೆ ಹೋಗುವುದೊಂದು, ಬರುವುದೊಂದು. ನಿಲ್ದಾಣವು ೧೯೧೮ರಲ್ಲಿ ಕಟ್ಟಿದ ಪುಟ್ಟ ಇಟ್ಟಿಗೆಯ ಕಟ್ಟಡ. ನಮ್ಮ ಅರಸೀಕೆರೆಯವರು ನೋಡಿದರೆ ಮೀಸೆಯ ಮೇಲೆ ಕೈಹಾಕಿಯಾರು. ದಿನವೆಲ್ಲ ಪ್ರಯಾಣಮಾಡಿ, ಮುಸ್ಸಂಜೆಯಲ್ಲಿ ಪಾಂಚಟ್ರೇನ್ ಎಂಬ ಮಹಾಸರೋವರವನ್ನು ಆರು ಮೈಲಿಯಷ್ಟು ಉದ್ದದ ಸೇತುವೆಯ ಮೇಲೆ ದಾಟಿದೆವು. ಎರಡು ಕಡೆಯೂ ನೀರು. ಗಾಡಿ ತೇಲುತ್ತಿರುವಂತೆ ತೋರಿತು.

ಆ ಊರಿನ ಸೇಂಟ್ ಚಾರ್ಲ್ಸ್ ಬೀದಿಯ ಟ್ರಾಮು ೧೮೩೫ರಿಂದ ಓಡುತ್ತಿದೆ. ಮೊದಲು ಉಗಿ, ಆಮೇಲೆ ಕುದುರೆ, ೧೮೯೩ರಿಂದ ವಿದ್ಯುತ್ತು. ಹಸುರು ಬಣ್ಣದ ಹಳೆಯ ಗಾಡಿಗಳು, ಮರದ ಪೀಠಗಳು, ತೆರೆದ ಕಿಟಕಿಗಳು. ಮೇಲೆ ಓಕ್ ಮರಗಳ ಚಪ್ಪರ. ನಮ್ಮ ಗೃಹಿಣಿಯು ಎರಡು ಸಲ ಕೊನೆಯವರೆಗೆ ಹೋಗಿ ಬರೋಣವೆಂದು ಹಟ ಹಿಡಿದಳು. ಹೋಗಿ ಬಂದೆವು. ಅಮೆರಿಕಾದಲ್ಲಿ ನಮ್ಮಷ್ಟಕ್ಕೆ ನಾವು ಸುತ್ತಾಡಿದ ಮೊದಲನೆಯ ದಿನ ಅದು.

ಆದರೆ ಆ ನಗರದ ನಿಜವಾದ ಬಂಡವಾಳ ಕಣ್ಣಿಗೆ ಬೀಳುವುದಿಲ್ಲ. ಅದರ ಅರ್ಧಭಾಗ ಕಡಲಿನ ಮಟ್ಟಕ್ಕಿಂತ ಕೆಳಗಿದೆ; ಬಿದ್ದ ಮಳೆಯನ್ನೆಲ್ಲ ಯಂತ್ರಗಳಿಂದ ಎತ್ತಿ ಹೊರಕ್ಕೆ ಹಾಕಬೇಕು. ಬಾಲ್ಡ್‌ವಿನ್ ವುಡ್ ಎಂಬ ಯಂತ್ರಶಿಲ್ಪಿಯು ೧೯೧೩ರಲ್ಲಿ ಇದಕ್ಕಾಗಿ ದೊಡ್ಡ ತಿರುಪಿನ ಪಂಪುಗಳನ್ನು ನಿರ್ಮಿಸಿದನು. ಅವುಗಳಲ್ಲಿ ಕೆಲವು ನೂರು ವರ್ಷ ಮೀರಿ ದುಡಿದಿವೆ. ನಮ್ಮ ಹಿಂದಿನವರು ಧರ್ಮಕಾರ್ಯವನ್ನು ಇಷ್ಟವೆಂದೂ ಪೂರ್ತವೆಂದೂ ವಿಂಗಡಿಸಿದ್ದರು. ಯಜ್ಞಾದಿಗಳು ಇಷ್ಟ, ಕೆರೆ ಬಾವಿ ತೋಪು ಛತ್ರಗಳು ಪೂರ್ತ. ಪೂರ್ತದಲ್ಲಿ ಒಂದು ತೊಡಕುಂಟು: ಕಟ್ಟಿಸಿದವನ ಹೆಸರು ಕಲ್ಲಿನಲ್ಲಿ ನಿಲ್ಲುತ್ತದೆ, ವರ್ಷವರ್ಷವೂ ಹೂಳೆತ್ತಿದವನ ಹೆಸರು ಎಲ್ಲಿಯೂ ಇರುವುದಿಲ್ಲ. ನ್ಯೂ ಆರ್ಲಿಯನ್ಸ್‌ನಲ್ಲಿ ಕಾಲುವೆಗಳ ತಡೆಗೋಡೆಗಳನ್ನು ದೃಢವಾಗಿ ಕಟ್ಟಿರಲಿಲ್ಲ. ೨೦೦೫ರ ಆಗಸ್ಟ್ ೨೯ರಂದು ಕತ್ರೀನಾ ಎಂಬ ಚಂಡಮಾರುತ ಬಂದಾಗ ಅವು ಒಡೆದು ಊರಿನ ನೂರಕ್ಕೆ ಎಂಬತ್ತು ಪಾಲು ನೀರಿನಲ್ಲಿ ಮುಳುಗಿತು. ಸಾವಿರಕ್ಕಿಂತ ಹೆಚ್ಚು ಜನ ಸತ್ತರು. ಕೆಳಗಿನ ಒಂಬತ್ತನೆಯ ವಾರ್ಡೆಂಬ ಬಡವರ ಕೇರಿಯಲ್ಲಿ ನಾವು ಒಂದು ಅಪರಾಹ್ಣ ನಡೆದೆವು. ಹುಲ್ಲಿನ ನಡುವೆ ಮೂರು ಮೆಟ್ಟಲು. ಮೆಟ್ಟಲು ಹತ್ತಿದರೆ ಮನೆಯಿಲ್ಲ. ಇಂಥವು ಒಂದಲ್ಲ. ೨೦೦೦ದ ಗಣತಿಯಲ್ಲಿ ೪,೮೪,೦೦೦ ಮೀರಿದ್ದ ಜನಸಂಖ್ಯೆ ೨೦೨೦ರಲ್ಲಿ ೩,೮೪,೦೦೦ದಷ್ಟಕ್ಕೆ ಇಳಿದಿತ್ತು. ಆಮೇಲೆ ೧,೪೦೦ ಕೋಟಿ ಡಾಲರುಗಳಿಗೂ ಮೇಲ್ಪಟ್ಟು ವೆಚ್ಚಮಾಡಿ ಹೊಸ ತಡೆಗೋಡೆಗಳನ್ನು ಕಟ್ಟಿದರು. ೨೦೨೧ರಲ್ಲಿ ಅದೇ ತಾರೀಖಿನಂದು ಇನ್ನೊಂದು ಚಂಡಮಾರುತ ಬಂದಾಗ ಗೋಡೆಗಳು ನಿಂತುವು. ವಿದ್ಯುತ್ತಿನ ತಂತಿಗಳು ನಿಲ್ಲಲಿಲ್ಲ, ಊರೆಲ್ಲ ಕತ್ತಲಾಯಿತು.

ಅಲ್ಲಿಂದ ಮೂರು ಗಂಟೆಯ ದಾರಿಯಲ್ಲಿ ಮಿಸಿಸಿಪ್ಪಿ ಸಂಸ್ಥಾನದ ರಾಜಧಾನಿ ಜ್ಯಾಕ್ಸನ್. ೨೦೨೨ರ ಆಗಸ್ಟಿನಲ್ಲಿ ಅಲ್ಲಿ ನೀರು ಶುದ್ಧಿಮಾಡುವ ಕಾರ್ಖಾನೆ ಕೆಟ್ಟು, ಒಂದೂವರೆ ಲಕ್ಷ ಜನರ ಕೊಳಾಯಿಗಳಲ್ಲಿ ಕುಡಿಯುವ ನೀರಿಲ್ಲದೆ, ಸೈನಿಕರು ಸೀಸೆಗಳಲ್ಲಿ ಹಂಚಿದರು. ಟೆಕ್ಸಾಸಿನ ಹ್ಯೂಸ್ಟನ್ನಿನಲ್ಲಿರುವ ನಮ್ಮ ಸೋದರಳಿಯನು ೨೦೨೧ರ ಫೆಬ್ರವರಿಯಲ್ಲಿ ಹಸುಗೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಮೂರು ದಿನ ಕೊರೆಯುವ ಕತ್ತಲಲ್ಲಿ ಕುಳಿತಿದ್ದನಂತೆ. ಆ ಸಂಸ್ಥಾನದವರು ತಮ್ಮ ವಿದ್ಯುಜ್ಜಾಲವನ್ನು ನೆರೆಯವರ ಜಾಲಗಳಿಂದ ಬಹುಮಟ್ಟಿಗೆ ಬೇರೆಯಾಗಿಯೇ ಇಟ್ಟುಕೊಂಡಿರುವುದರಿಂದ ಆಪತ್ತಿನಲ್ಲಿ ಕಡ ತರಲು ದಾರಿಯಿರಲಿಲ್ಲ. ಅವನ ಮನೆಯಲ್ಲಿ ಮೂರು ಸ್ನಾನದ ಕೋಣೆಗಳಿವೆ.

ಹಾಗೆಂದು ತೆಂಕಣವೆಲ್ಲ ಹೀಗೆಂದು ತಿಳಿಯಬಾರದು. ಅಟ್ಲಾಂಟಾದಿಂದ ಎರಡು ಗಂಟೆ ಉತ್ತರಕ್ಕೆ ಹೋದರೆ ಟೆನೆಸೀ ಸಂಸ್ಥಾನದ ಚಟನೂಗಾ. ೧೯೬೯ರಲ್ಲಿ ದೇಶದಲ್ಲೆಲ್ಲ ಅತ್ಯಂತ ಮಲಿನವಾದ ಗಾಳಿಯೆಂದು ಹೆಸರಾಗಿದ್ದ ಕಾರ್ಖಾನೆಗಳ ಊರು. ಅಲ್ಲಿ ವಿದ್ಯುತ್ತು ೧೯೩೦ರ ದಶಕದಿಂದ ಪುರಜನರ ಸ್ವತ್ತು. ಅದೇ ವಿದ್ಯುತ್ ಮಂಡಲಿ ೨೦೧೦ರಲ್ಲಿ ಗಾಜಿನ ಎಳೆಗಳನ್ನೆಳೆದು, ಆ ವೇಗದ ಅಂತರ್ಜಾಲವನ್ನು ದೇಶದ ದೊಡ್ಡ ನಗರಗಳಿಗಿಂತ ಮೊದಲೇ ಮನೆಮನೆಗೂ ಕೊಟ್ಟಿತು. ಮುಚ್ಚಿಹೋಗಿದ್ದ ಒಂದು ಹಳೆಯ ಸೇತುವೆಯನ್ನು ಕೆಡವದೆ ರಿಪೇರಿ ಮಾಡಿ ೧೯೯೩ರಲ್ಲಿ ನಡೆಯುವವರಿಗೇ ಬಿಟ್ಟುಕೊಟ್ಟರು. ಅದರ ಮೇಲೆ ಸಂಜೆಯ ಹೊತ್ತು ಹೊಳೆಯನ್ನು ನೋಡುತ್ತ ನಾವು ಆ ದಡ ಈ ದಡ ಎರಡು ಸಲ ನಡೆದೆವು. ಯಾರೂ ನಮ್ಮನ್ನು ಮೋಟಾರು ಕೆಟ್ಟಿತೇ ಎಂದು ಕೇಳಲಿಲ್ಲ.

ಹಿಂದಿರುಗಿದ ಮೇಲೆ ಮಗನಿಗೆ ಹೇಳಿದೆವು: ಮನೆಯೊಳಗಿನ ಸುಖ ಎರಡು ಕಡೆಯೂ ಒಂದೇ, ಬಾಗಿಲಿಂದಾಚೆಗೆ ಏನಿದೆ ಎಂಬುದರ ಮೇಲೆ ತೂಗಬೇಕು. ಸೊಸೆಗೆ ಇದು ಸರಿಬೀಳಲಿಲ್ಲ. “ಮಾವ, ನೀವು ಆರು ತಿಂಗಳು ಇರುವವರು. ಮಕ್ಕಳಿಗೆ ಒಂದೊಂದು ಕೋಣೆ ಬೇಡವೇ?” ಎಂದಳು. ಅವಳ ಮಾತಿನಲ್ಲಿ ನ್ಯಾಯವಿತ್ತು. ನಮ್ಮ ಅನುಕೂಲವನ್ನೇ ಧರ್ಮವೆಂದು ಹೇಳುತ್ತಿದ್ದೇವೆಯೋ ಎಂಬ ಶಂಕೆ ನಮಗೂ ಬಂದು ಆ ರಾತ್ರಿ ನಿದ್ರೆ ಬರಲಿಲ್ಲ. ಮರುದಿನ ಎಲ್ಲರೂ ಮತ್ತೊಮ್ಮೆ ಡಿಕೇಟರಿಗೆ ಹೋದೆವು. ಊರ ನಡುವಣ ಚೌಕದ ಕೆಳಗೇ ರೈಲು ನಿಲ್ದಾಣ, ಹತ್ತಿರವೇ ಪುಸ್ತಕಭಂಡಾರ. ಹನ್ನೊಂದು ವರ್ಷದ ಮೊಮ್ಮಗಳು, “ನಾನೊಬ್ಬಳೇ ಹೋಗಿ ಬರಲೇ, ತಾತ?” ಎಂದಳು. ಅವಳ ತಾಯಿ ಸ್ವಲ್ಪ ಅನುಮಾನಿಸಿ ಒಪ್ಪಿದಳು. ಕಾಲು ಗಂಟೆಯಲ್ಲಿ ಮಗು ನಾಲ್ಕು ಪುಸ್ತಕಗಳನ್ನು ಎದೆಗೊತ್ತಿಕೊಂಡು, ಏನನ್ನೋ ಗೆದ್ದುಬಂದವಳಂತೆ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡಿತು. ಅದುವರೆಗೆ ಆ ಹುಡುಗಿ ಹುಟ್ಟಿದಮೊದಲಾಗಿ ಒಬ್ಬಳೇ ಎಲ್ಲಿಗೂ ಹೋದವಳಲ್ಲವಂತೆ.

ಚಿಕ್ಕ ಮನೆಯನ್ನೇ ಕೊಂಡರು. ಅಲ್ಲಿಯ ಮನೆಗಂದಾಯ ಜಾಸ್ತಿಯೆಂದು ಮಗನು ಗೊಣಗುತ್ತಿರುವನು. ಅರ್ಧ ಸಾಮಾನುಗಳು ಇನ್ನೂ ಪೆಟ್ಟಿಗೆಗಳಲ್ಲಿಯೇ ಇವೆಯೆಂದೂ ದೇವರು ಗೋಡೆಯ ಗೂಡಿನಲ್ಲಿ ಕುಳಿತಿರುವನೆಂದೂ ಸೊಸೆ ತಿಳಿಸಿರುವಳು. ಬರುವ ಚೈತ್ರದಲ್ಲಿ ನಾವು ಮತ್ತೆ ಹೊರಡಬೇಕಾಗಿದೆ. ನಮ್ಮ ಗೃಹಿಣಿಯು ಈ ಸಲ ಸೀರೆ ಕೇಳಿಲ್ಲ. ನಡೆಯುವುದಕ್ಕೆ ಒಂದು ಒಳ್ಳೆಯ ಜೋಡು ಬೇಕೆಂದಿರುವಳು. ನಾಳೆ ಪೇಟೆಗೆ ಹೋಗಬೇಕು.