ನಾಟಕ ಸಂಚಾರದಲ್ಲಿ ನಾವು ಕಲಿತದ್ದು

ಹೆಣ್ಣುಮಕ್ಕಳು ನಾಟಕದವರೊಡನೆ ಊರೂರು ತಿರುಗುವರೆಂದರೆ ತಾಯ್ತಂದೆಗಳು ಅಂಜುವುದು ಸಹಜವೇ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 1997ರಲ್ಲಿ ಆರಂಭವಾದ ‘ಶಿವಸಂಚಾರ’ವು ವರುಷಕ್ಕೆ ಮೂರು ನಾಟಕಗಳನ್ನು ಕಲಿತು ನಾಡೆಲ್ಲ ಸಂಚರಿಸುವುದು. ಅದರ ಮೇಳದಲ್ಲಿ ಹಾಡುತ್ತ ನಾವೂ ಒಂದು ವರುಷ ತಿರುಗಿದೆವು.

ಹಗಲು ಪ್ರಯಾಣ, ಸಂಜೆ ರಂಗಸಜ್ಜಿಕೆ, ರಾತ್ರಿ ಆಟ. ಆಟ ಮುಗಿದೊಡನೆ ರಾಣಿಯ ಪಾತ್ರದವಳೂ ಪೆಟ್ಟಿಗೆ ಹೊರಬೇಕು. ಒಬ್ಬರ ಗಂಟಲು ಕಟ್ಟಿದರೆ ಅವರ ಪದವನ್ನು ಇನ್ನೊಬ್ಬರು ಹಾಡಬೇಕು. ಹಿರಿಯೂರಿನವರು ನಕ್ಕ ಮಾತಿಗೇ ಹೊಳಲ್ಕೆರೆಯವರು ಕಣ್ಣೊರಸಿಕೊಂಡರು. ಆದುದರಿಂದ ಒಂದೇ ನಾಟಕವು ದಿನವೂ ಹೊಸದಾಗಿ ತೋರಿತು.

ನಮ್ಮನ್ನು ಮನೆಗೆ ಕರೆದೊಯ್ಯಲೆಂದೇ ಚಿತ್ರದುರ್ಗಕ್ಕೆ ಬಂದಿದ್ದ ನಮ್ಮ ತಾಯಿಯವರು ಕೊನೆಯವರೆಗೂ ಕುಳಿತು ನೋಡಿದರು. ಬಳಿಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಪರದೆಯ ಗಂಟೊಂದಕ್ಕೆ ತಾವೂ ಕೈಕೊಟ್ಟರು. “ಮುಂದಿನ ಊರು ಯಾವುದಮ್ಮಾ?” ಎಂದಷ್ಟೇ ಕೇಳಿದರು.