ಕೋಬೆಯಲ್ಲಿ ಕೇಳಬೇಕಾದ ಪ್ರಶ್ನೆ

ಜಪಾನಿನ ಕೋಬೆ ಬಂದರು ನಗರ. ಒಂದು ಕಡೆ ರೊಕ್ಕೋ ಬೆಟ್ಟಸಾಲು, ಇನ್ನೊಂದು ಕಡೆ ಸಮುದ್ರ. ಸನ್ನೊಮಿಯಾ ರೈಲು ನಿಲ್ದಾಣದಿಂದ ಬೆಟ್ಟದತ್ತ ಸ್ವಲ್ಪ ದೂರ ನಡೆದರೆ ಆ ದೇಶದ ಮೊದಲ ಮಸೀದಿ ಸಿಗುತ್ತದೆ. ಭಾರತೀಯ ವರ್ತಕರೂ ಸೇರಿ ಅಲ್ಲಿನ ಮುಸ್ಲಿಮರು 1935ರಲ್ಲಿ ಕಟ್ಟಿಸಿದ ಈ ಮಸೀದಿ, 1945ರ ಬಾಂಬ್ ದಾಳಿಯನ್ನೂ 1995ರ ಭೂಕಂಪವನ್ನೂ ತಾಳಿಕೊಂಡು ನಿಂತಿದೆ.

ದಾರಿ ತಿಳಿಯದಿದ್ದರೆ ಹೀಗೆ ಕೇಳಿ: ‘ಮೋಸುಕು ಗ ದೊಕೊ ನಿ ಆರು ಕ ಒಶಿಯೆತೆ ಕುದಸಾಯ್.’ ಮೋಸುಕು ಎಂದರೆ ಮಸೀದಿ, ದೊಕೊ ನಿ ಎಂದರೆ ಎಲ್ಲಿ, ಆರು ಎಂದರೆ ಇದೆ, ಕೊನೆಯದು ‘ದಯವಿಟ್ಟು ತಿಳಿಸಿ’. ನೋಡಿದಿರಾ, ಪದಗಳ ಸಾಲು ನಮ್ಮ ಕನ್ನಡದ್ದೇ! ‘ಎಲ್ಲಿದೆಯೋ’ ಎನ್ನುವಾಗಿನ ಓಕಾರದ ಕೆಲಸವನ್ನು ಅಲ್ಲಿ ‘ಕ’ ಮಾಡುತ್ತದೆ. ಒಳಗಿನ ಪ್ರಶ್ನೆಯ ಕ್ರಿಯಾಪದ ಸರಳವಾಗಿಯೇ ಇರುತ್ತದೆ, ಮರ್ಯಾದೆಯೆಲ್ಲ ಕೊನೆಯ ಪದದಲ್ಲಿ.

ನಿಜವಾದ ಪರೀಕ್ಷೆ ಊಟದ ಮೇಜಿನಲ್ಲಿ. ರಾಮೆನ್ ಎಂಬ ಶ್ಯಾವಿಗೆಯ ಸಾರನ್ನು ಅನೇಕ ಕಡೆ ಹಂದಿಯ ಎಲುಬಿನಿಂದ ಕುದಿಸಿ ತೆಗೆಯುತ್ತಾರೆ. ಮೀನಿನ ಖಾದ್ಯಕ್ಕೂ ಮಿರಿನ್ ಎಂಬ ಸಿಹಿ ಅಕ್ಕಿಮದ್ಯ ಬೀಳಬಹುದು. ಕಣ್ಣಿಗೆ ಇದಾವುದೂ ಕಾಣದು. ಆಗ ಬೇಕಾದ ಮಾತು: ‘ಬುತನಿಕು ಗ ಹಾಯಿತ್ತೆ ಇರು ಕ ದೋ ಕ, ಒಶಿಯೆತೆ ಕುದಸಾಯ್.’ ಅಂದರೆ, ಹಂದಿಮಾಂಸ ಸೇರಿದೆಯೋ ಇಲ್ಲವೋ ದಯವಿಟ್ಟು ತಿಳಿಸಿ. ‘ಕ ದೋ ಕ’ ನಮ್ಮ ‘ಯೋ ಇಲ್ಲವೋ’. ಹೀಗೆ ಕೇಳಿದರೆ ಬಡಿಸುವವರಿಗೆ ಒಳಗೆ ಹೋಗಿ ವಿಚಾರಿಸಿ ಬರಲು ಅವಕಾಶವಿರುತ್ತದೆ. ಅಷ್ಟಕ್ಕೇ ನಿಲ್ಲಿಸಬೇಡಿ. ಬುತನಿಕು ಇದ್ದ ಜಾಗದಲ್ಲಿ ‘ಒಸಕೆ’ ಎಂದು ಸೇರಿಸಿ ಮದ್ಯದ ಬಗ್ಗೆಯೂ ಕೇಳಿ.

ಉತ್ತರ ‘ತಬೆನಾಯ್ ಹೋ ಗ ಈ ದೆಸು ಯೊ’ ಎಂದು ಬಂದರೆ ತಟ್ಟೆಯನ್ನು ಬದಿಗಿಡಿ. ‘ತಿನ್ನದಿರುವುದೇ ಒಳ್ಳೆಯದು’ ಎಂದು ಅವರು ಎಚ್ಚರಿಸಿದ್ದಾರೆ. ‘ಹೋ’ ಎಂದರೆ ಕಡೆ, ‘ಈ’ ಎಂದರೆ ಒಳ್ಳೆಯದು. ಎರಡು ದಾರಿಗಳಲ್ಲಿ ಇದು ಲೇಸು ಎಂದು ತೋರಿಸುವ ರೀತಿ ಇದು. ಮಾಡಬೇಕೆಂದು ಹೇಳುವಾಗ ಕ್ರಿಯಾಪದ ಭೂತಕಾಲಕ್ಕೆ ತಿರುಗುತ್ತದೆ. ಜೂನ್–ಜುಲೈ ಮಳೆಯಲ್ಲಿ ‘ಕಸ ಓ ಮೊತ್ತೆ ಇತ್ತ ಹೋ ಗ ಈ’ ಎಂದರೆ, ಕೊಡೆ ಒಯ್ದರೆ ಒಳ್ಳೆಯದು. ನಮ್ಮ ‘ಒಯ್ದರೆ’ಯೂ ‘ಒಯ್ದ’ದಿಂದಲೇ ಹುಟ್ಟಿದ್ದಲ್ಲವೇ?

ಆದರೆ ಈ ಮಾತು ತುಸು ಬಿಗಿ, ಕೇಳದಿದ್ದರೆ ತೊಂದರೆ ಎಂಬ ಸೂಚನೆ ಅದರಲ್ಲಿದೆ. ಹಿರಿಯರಿಗೆ ‘ಯಸುಂದರ ದೋ ದೆಸು ಕ’, ವಿಶ್ರಾಂತಿ ಪಡೆದರೆ ಹೇಗೆ, ಎನ್ನುವುದು ಮೃದು.

ಜಪಾನಿಗೆ ಹೊರಡುವ ಮೊದಲು ಊಟದ ಆ ಪ್ರಶ್ನೆಯನ್ನು ಮಕ್ಕಳೊಂದಿಗೆ ನಾಲ್ಕು ಬಾರಿ ಹೇಳಿ ರೂಢಿಸಿಕೊಳ್ಳಿ. ಅಪರಿಚಿತ ನಾಡಿನಲ್ಲಿ ನಿಶ್ಚಿಂತೆಯ ಒಂದು ತುತ್ತಿಗೆ ಅದೇ ದಾರಿ.